ಕೊಲೆಸ್ಟರಾಲಿನ ಮದ್ದು ಮತ್ತು ದಣಿದ ಹೃದಯ

ಒಂದು ಮದ್ದು ಒಬ್ಬನಿಗೆ ಪ್ರಾಣದಾನ ಮಾಡಿತೆಂದು ಕೇಳಿದೊಡನೆ, ಅದೇ ಬಗೆಯ ಬೇನೆಯುಳ್ಳವರೆಲ್ಲರಿಗೂ ಅದು ಫಲಿಸಬೇಕೆಂದು ನಾವು ಬಗೆಯುವುದು ಸಹಜ. ವೈದ್ಯಲೋಕವೂ ಕೆಲಕಾಲ ಹಾಗೆಯೇ ಬಗೆಯಿತು. ರಕ್ತದಲ್ಲಿನ ಕೊಲೆಸ್ಟರಾಲನ್ನು ತಗ್ಗಿಸುವ ಚಿಕಿತ್ಸೆಯ ಚರಿತ್ರೆಯನ್ನು ಅವಲೋಕಿಸಿದಲ್ಲಿ, ಆ ಎಣಿಕೆ ಎಲ್ಲಿ ಸರಿಯಾಯಿತು, ಎಲ್ಲಿ ತಪ್ಪಿತು ಎಂಬುದು ವಿಶದವಾಗುತ್ತದೆ.

ಕೊಲೆಸ್ಟರಾಲ್ ಎಂಬುದು ಮೇಣವನ್ನು ಹೋಲುವ ವಸ್ತು. ೧೮ನೆಯ ಶತಮಾನದಲ್ಲಿ ಫ್ರಾನ್ಸಿನ ವಿದ್ವಾಂಸರು ಅದನ್ನು ಮೊದಲು ಕಂಡುದು ಪಿತ್ತಕೋಶದ ಕಲ್ಲುಗಳಲ್ಲಿ. ೧೯೧೩ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಅನಿಚ್ಕೋವ್ ಮತ್ತು ಖಲಾಟೋವ್ ಎಂಬ ಇಬ್ಬರು ತರುಣರು ಅದನ್ನೇ ಮೊಲಗಳಿಗೆ ಉಣಿಸಿ, ಅವುಗಳ ರಕ್ತನಾಳಗಳ ಒಳಗೋಡೆ ದಪ್ಪಗಟ್ಟುವುದನ್ನು ತೋರಿಸಿಕೊಟ್ಟರು. ೧೯೪೮ರಲ್ಲಿ ಅಮೆರಿಕೆಯ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ೫,೨೦೯ ನಿವಾಸಿಗಳ ಆರೋಗ್ಯವನ್ನು ದೀರ್ಘಕಾಲ ಪರಿಶೀಲಿಸುವ ಕಾರ್ಯ ಆರಂಭವಾಯಿತು. ರಕ್ತದಲ್ಲಿ ಈ ವಸ್ತು ಹೆಚ್ಚಿದವರಿಗೆ ಹೃದ್ರೋಗದ ಭಯವೂ ಹೆಚ್ಚೆಂಬುದು ೧೯೬೧ರ ವೇಳೆಗೆ ಅಲ್ಲಿ ವ್ಯಕ್ತವಾಯಿತು.

ಕಾರಣ ತಿಳಿದರೂ ತಕ್ಕ ಮದ್ದು ದೊರೆಯಲು ಇನ್ನೂ ಕಾಲ ಹಿಡಿಯಿತು. ಜಪಾನಿನ ವಿಜ್ಞಾನಿ ಅಕಿರ ಎಂಡೊ ೧೯೭೧ರಲ್ಲಿ ಬೂಷ್ಟುಗಳಲ್ಲಿ ಅದನ್ನು ಅರಸತೊಡಗಿದರು. ಆರು ಸಾವಿರ ಬಗೆಗಳನ್ನು ಸೋಸಿದ ಬಳಿಕ, ಕ್ಯೋಟೊ ನಗರದ ಧಾನ್ಯದಂಗಡಿಯೊಂದರ ಅಕ್ಕಿಯಿಂದ ಪಡೆದ ನೀಲಿಹಸಿರು ಬೂಷ್ಟಿನಲ್ಲಿ, ದೇಹವು ಕೊಲೆಸ್ಟರಾಲನ್ನು ತಯಾರಿಸುವುದನ್ನೇ ತಡೆಯುವ ಸತ್ತ್ವವು ೧೯೭೩ರಲ್ಲಿ ಕೈಸೇರಿತು. ಇಲಿಗಳಲ್ಲಿ ಅದು ಫಲಕೊಡಲಿಲ್ಲ. ಮೊಟ್ಟೆಯಿಡುವ ಕೋಳಿಗಳ ಮೇಲೆ ಪ್ರಯೋಗಿಸಿದಾಗ ಅದರ ಗುಣ ಗೋಚರಿಸಿತು. ಎಂಡೊ ಕಂಡ ಆ ಸತ್ತ್ವವು ಅಂಗಡಿಗೆ ಬರಲೇ ಇಲ್ಲ. ಆದರೆ ಅದೇ ಕುಲದ ಲೋವಾಸ್ಟ್ಯಾಟಿನ್ ಎಂಬ ಔಷಧಕ್ಕೆ ೧೯೮೭ರಲ್ಲಿ ಅಮೆರಿಕೆಯಲ್ಲಿ ಅನುಮತಿ ದೊರೆಯಿತು. ಈ ಕುಲದ ಮದ್ದುಗಳನ್ನೆಲ್ಲ ಸ್ಟ್ಯಾಟಿನ್‌ಗಳೆನ್ನುತ್ತಾರೆ.

೧೯೯೪ರಲ್ಲಿ ಉತ್ತರ ಯೂರೋಪಿನ ವೈದ್ಯರು ೪,೪೪೪ ಹೃದ್ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಐದು ವರ್ಷಗಳಿಗೂ ಮಿಕ್ಕ ಅವಧಿಯಲ್ಲಿ, ಮದ್ದಿಲ್ಲದ ಹುಸಿಗುಳಿಗೆ ನುಂಗಿದವರಲ್ಲಿ ೨೫೬ ಮಂದಿ ಮೃತರಾಗಿದ್ದರು. ಸಿಮ್ವಾಸ್ಟ್ಯಾಟಿನ್ ಸೇವಿಸಿದವರಲ್ಲಿ ೧೮೨ ಮಂದಿ. ಸಂಶಯಕ್ಕೆ ಆಸ್ಪದ ಉಳಿಯಲಿಲ್ಲ.

ಇಷ್ಟರಲ್ಲಿ ಇನ್ನೊಂದು ವಿಚಾರ ಬೆಳಕಿಗೆ ಬಂದಿತ್ತು. ರಕ್ತದೊತ್ತಡ, ಸಕ್ಕರೆ, ರಕ್ತದ ಕೊಬ್ಬು ಇವುಗಳ ದೋಷಗಳು ಒಂದೇ ದೇಹದಲ್ಲಿ ಕೂಡಿಕೊಳ್ಳುವುದು ಆಕಸ್ಮಿಕವಲ್ಲವೆಂದೂ, ಇನ್ಸುಲಿನ್ನಿಗೆ ದೇಹವು ಸರಿಯಾಗಿ ಓಗೊಡದಿರುವುದೇ ಅದರ ಬೇರೆಂದೂ ೧೯೮೮ರಲ್ಲಿ ಜೆರಾಲ್ಡ್ ರೀವನ್ ಪ್ರತಿಪಾದಿಸಿದರು. ಮುಂದೆ ಸೊಂಟದ ಸುತ್ತಳತೆಯನ್ನೂ ಸೇರಿಸಿ ಈ ಕೂಟಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎಂಬ ಹೆಸರು ನಿಂತಿತು. ಅಮೆರಿಕೆಯಲ್ಲಿ ಗಂಡಸರಿಗೆ ೧೦೨ ಸೆಂಟಿಮೀಟರಿನ ಎಲ್ಲೆಯನ್ನು ಹಾಕಿದರೆ, ಭಾರತೀಯರಾದ ನಮಗೆ ಗಂಡಸರಿಗೆ ೯೦, ಹೆಂಗಸರಿಗೆ ೮೦ ಎಂದು ವಿಧಿಸಬೇಕಾಯಿತು. ಸಣ್ಣ ಹೊಟ್ಟೆಯೂ ನಮಗೆ ದೊಡ್ಡ ಎಚ್ಚರಿಕೆಯೇ ಸರಿ. ಈ ಕೂಟವುಳ್ಳ ೫,೫೮೪ ಹೃದ್ರೋಗಿಗಳ ವಿವರ ೨೦೦೬ರಲ್ಲಿ ಪ್ರಕಟವಾಯಿತು. ಅಟಾರ್ವಾಸ್ಟ್ಯಾಟಿನ್ ೧೦ ಮಿಲಿಗ್ರಾಮ್ ಪಡೆದವರಲ್ಲಿ ನೂರಕ್ಕೆ ೧೩ ಮಂದಿಗೂ, ೮೦ ಮಿಲಿಗ್ರಾಮ್ ಪಡೆದವರಲ್ಲಿ ನೂರಕ್ಕೆ ೯.೫ ಮಂದಿಗೂ ಹೃದಯ ಹಾಗೂ ರಕ್ತನಾಳಗಳ ಗಂಡಾಂತರ ಒದಗಿತ್ತು.

ಹಾಗಾದರೆ ಹೃದಯವೇ ದಣಿದವರ ಗತಿಯೇನು? ಹೃದಯ ವೈಫಲ್ಯವೆಂದರೆ ರಕ್ತವನ್ನು ಒತ್ತಿ ಕಳುಹಿಸುವ ಶಕ್ತಿ ಕುಂದುವುದು. ಏದುಸಿರು, ಕಾಲೂತ ಅದರ ಗುರುತು. ಮೊದಮೊದಲ ಪರೀಕ್ಷೆಗಳಲ್ಲಿ ಇಂತಹವರನ್ನು ಬಹುಮಟ್ಟಿಗೆ ಹೊರಗಿಟ್ಟಿದ್ದರು. ಇವರಿಗೂ ಗುಣವಾಗಲೇಬೇಕೆಂಬ ಆಶೆಯಿಂದ ಎರಡು ದೊಡ್ಡ ಪರೀಕ್ಷೆಗಳು ನಡೆದವು. ೨೦೦೭ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ ೫,೦೧೧ ವೃದ್ಧ ರೋಗಿಗಳಿದ್ದರು. ರೊಸುವಾಸ್ಟ್ಯಾಟಿನ್ ಕೆಟ್ಟ ಕೊಲೆಸ್ಟರಾಲನ್ನು ಬಹಳವಾಗಿ ಇಳಿಸಿತು. ಆಸ್ಪತ್ರೆ ಸೇರುವ ಸರದಿಯೂ ಕೊಂಚ ತಗ್ಗಿತು. ಮರಣ ಮಾತ್ರ ಹಿಮ್ಮೆಟ್ಟಲಿಲ್ಲ. ೨೦೦೮ರಲ್ಲಿ ಇಟಲಿಯ ೪,೫೭೪ ರೋಗಿಗಳ ಲೆಕ್ಕ ಬಂದಿತು: ಮದ್ದು ಪಡೆದವರಲ್ಲಿ ೬೫೭, ಪಡೆಯದವರಲ್ಲಿ ೬೪೪ ಸಾವುಗಳು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎಂದು ನಮ್ಮ ಹಿರಿಯರು ಹೇಳುವುದುಂಟು. ಸ್ಟ್ಯಾಟಿನ್ ಕಾಯುವುದು ರಕ್ತನಾಳದ ಬಾಗಿಲನ್ನು. ದಣಿದ ಹೃದಯವುಳ್ಳವರಲ್ಲಿ ಅನೇಕರು ಅಸುನೀಗುವುದು ಸ್ನಾಯುವಿನ ನಿಶ್ಶಕ್ತಿಯಿಂದ, ಬಡಿತದ ತಾಳ ತಪ್ಪುವುದರಿಂದ. ಅವರಲ್ಲಿ ಕೊಲೆಸ್ಟರಾಲ್ ತೀರ ತಗ್ಗಿರುವುದು ದೇಹ ಸೊರಗುತ್ತಿರುವ ಲಕ್ಷಣವೂ ಆಗಿರಬಹುದು. ಸಂಖ್ಯೆ ಇಳಿಯಿತೆಂಬ ಸಂತೋಷ ಅಲ್ಲಿ ಸಲ್ಲದು.

ಇದರಿಂದ ಮದ್ದಿನ ಮಹಿಮೆ ಕುಂದಿತೆಂದು ವಾಚಕರು ತಿಳಿಯಬಾರದು. ಮೇಲೆ ಹೇಳಿದ ಅಟಾರ್ವಾಸ್ಟ್ಯಾಟಿನ್ ಪರೀಕ್ಷೆಯಲ್ಲಿಯೇ, ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದವರು ಹೆಚ್ಚು ಪ್ರಮಾಣ ಪಡೆದವರಲ್ಲಿ ನೂರಕ್ಕೆ ೨.೪, ಕಡಿಮೆ ಪಡೆದವರಲ್ಲಿ ೩.೩. ಹೃದಯ ಸೋಲುವ ಮುನ್ನ ಅದನ್ನು ಕಾಯುವ ಬಲ ಇದಕ್ಕುಂಟು. ಸಕ್ಕರೆ ರೋಗವನ್ನು ಇದು ತುಸು ಹೆಚ್ಚಿಸುವುದೆಂದು ೨೦೧೦ರಲ್ಲಿ ೯೧,೧೪೦ ಮಂದಿಯ ಲೆಕ್ಕದಿಂದ ತಿಳಿದುಬಂದರೂ, ತಪ್ಪಿಸುವ ಹೃದಯಾಘಾತಗಳ ಮುಂದೆ ಆ ನಷ್ಟ ಅಲ್ಪವೆಂದೇ ವೈದ್ಯರು ಎಣಿಸಿದರು. ಹೃದಯ ವೈಫಲ್ಯವೊಂದೇ ಕಾರಣವಾಗಿ ಇದನ್ನು ಹೊಸದಾಗಿ ಆರಂಭಿಸುವುದಿಲ್ಲ. ಬೇರೆ ಕಾರಣದಿಂದ ಮೊದಲೇ ಸೇವಿಸುತ್ತಿರುವವರು ತಾವಾಗಿ ನಿಲ್ಲಿಸಲೂ ಬಾರದು.

ನೆರೆಮನೆಯವರ ಗುಳಿಗೆಯನ್ನು ನೋಡಿ ನಮ್ಮ ಹಿರಿಯರಿಗೆ ಅದನ್ನೇ ತಂದುಕೊಡುವ ಮುನ್ನ, ಈ ಮಾತನ್ನು ನಾವು ಮನಸ್ಸಿನಲ್ಲಿಟ್ಟುಕೊಳ್ಳುವುದು ಲೇಸು. ಮದ್ದಿಗೆ ಗುಣವುಂಟು, ಅದಕ್ಕೊಂದು ಕಾಲವೂ ಉಂಟು.