'ಕ್ಯಾನ್' ಮತ್ತು 'ಬಲ್ಲ': ಒಂದೇ ಪಥವೇ?

ಇಂಗ್ಲಿಷಿನ 'ಕ್ಯಾನ್' ಮೊದಲಿಗೆ ಸಹಾಯಕ ಕ್ರಿಯಾಪದವಾಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದರ ರೂಪ 'ಕುನ್ನನ್'. ಅರ್ಥ 'ಅರಿ, ತಿಳಿ'. ವ್ಯಕ್ತಿ, ಭಾಷೆ, ಕಸುಬು ಎಲ್ಲವೂ ಅದಕ್ಕೆ ನೇರ ಕರ್ಮವಾಗಬಹುದಿತ್ತು. ಇನ್ನೊಂದು ಕ್ರಿಯಾಪದದೊಡನೆ ಬಂದಾಗ 'ಮಾಡುವ ಬಗೆ ತಿಳಿದಿರು' ಎಂದಾಗುತ್ತಿತ್ತು. 'ನೋ' ಎಂಬ ಕ್ರಿಯಾಪದವೂ ಸಂಸ್ಕೃತದ 'ಜ್ಞಾ' ಧಾತುವೂ ಇದರ ದಾಯಾದಿಗಳೇ. ಇಂದು 'ಒರಟು' ಎಂದು ಬಳಕೆಯಾಗುವ 'ಅನ್‌ಕೂತ್' ಮೂಲತಃ 'ಅಪರಿಚಿತ' ಎಂದಷ್ಟೇ ಹೇಳುತ್ತಿತ್ತು.

ಕಸುವನ್ನು ಸೂಚಿಸಲು ಆಗ ಬೇರೊಂದು ಕ್ರಿಯಾಪದವಿತ್ತು: 'ಮಗನ್' (ಕನ್ನಡದ ಮಗನಿಗೂ ಇದಕ್ಕೂ ನಂಟಿಲ್ಲ). ಇಂದಿನ 'ಮೇ' ಅದರ ಮುಂದುವರಿಕೆ. 'ಬಲ' ಎಂಬರ್ಥದ 'ಮೈಟ್' ಎಂಬ ನಾಮಪದವೂ ಅದೇ ಬುಡದ್ದು. ಹೀಗೆ ಈಜುವ ಬಗೆ ತಿಳಿದಿರುವುದು ಒಂದು, ಈಜಲು ಮೈಯಲ್ಲಿ ಕಸುವಿರುವುದು ಇನ್ನೊಂದು. ನಡುಗಾಲದ ಇಂಗ್ಲಿಷಿನಲ್ಲಿ ಈ ಗಡಿ ಸಡಿಲಿತು. ಚಾಸರನ 'ಕ್ಯಾಂಟರ್‌ಬರಿ ಟೇಲ್ಸ್'ನ ಪೀಠಿಕೆಯಲ್ಲಿ ಬಾತ್ ಊರಿನ ಹೆಂಗಸಿಗೆ ಅಲೆದಾಟದ ಅರಿವು ಬಹಳವಿತ್ತೆಂದು ಹೇಳುವಾಗ ಈ ಕ್ರಿಯಾಪದ ಇನ್ನೂ ಸ್ವತಂತ್ರವಾಗಿಯೇ ನಿಂತಿದೆ. ಆದರೆ ಸಹಾಯಕವಾಗಿಯೂ ಅದು ಆಗಲೇ ಬಳಕೆಯಲ್ಲಿತ್ತು. ಮುಂದೆ 'ಕ್ಯಾನ್' ಸಾಮರ್ಥ್ಯವನ್ನೆಲ್ಲ ವಹಿಸಿಕೊಂಡಿತು, 'ಮೇ' ಸಂಭಾವ್ಯತೆ ಮತ್ತು ಅನುಮತಿಗಳತ್ತ ಸರಿಯಿತು. ಭೂತರೂಪ 'ಕುಡ್'ನ ಬರಹದಲ್ಲಿರುವ ಲಕಾರಕ್ಕೆ ವ್ಯುತ್ಪತ್ತಿಯ ಆಧಾರವಿಲ್ಲ. ಅದು 'ಶುಡ್', 'ವುಡ್'ಗಳ ಸಾದೃಶ್ಯದಿಂದ ಸೇರಿದ್ದು.

ಬೈಬೀ, ಪರ್ಕಿನ್ಸ್ ಮತ್ತು ಪಗ್ಲಿಯುಕ 1994ರ ತಮ್ಮ ಗ್ರಂಥದಲ್ಲಿ ಅರಿವಿನಿಂದ ಸಾಮರ್ಥ್ಯಕ್ಕೆ, ಅಲ್ಲಿಂದ ಸಾಧ್ಯತೆಗೆ ಸಾಗುವ ಇಂಥ ವ್ಯಾಕರಣೀಕರಣ ಪಥವನ್ನು ಹಲವು ಭಾಷೆಗಳ ಆಧಾರದಿಂದ ವಿವರಿಸಿದ್ದಾರೆ. ಕನ್ನಡದ 'ಬಲ್ಲ'ವನ್ನು ಈ ಪಥದ ಪಕ್ಕದಲ್ಲಿಡುವ ಆಸೆ ಸಹಜ. 'ಅವನು ಶಾಸ್ತ್ರ ಬಲ್ಲ', 'ಅವನು ಈಜಬಲ್ಲ', 'ಮಳೆ ಬೆಳೆಯನ್ನು ಕೆಡಿಸಬಲ್ಲದು': ಮೂರು ಮೆಟ್ಟಿಲೂ ಕಣ್ಣೆದುರಿಗಿವೆ. ನಾವೂ ತರಗತಿಯಲ್ಲಿ ಇವನ್ನು ಹೀಗೆಯೇ ಪಾಠ ಮಾಡಿದ್ದುಂಟು. ಈಗ ಅದು ಸರಿಯೆನಿಸುತ್ತಿಲ್ಲ.

ಮೊದಲ ತೊಡಕು ನಿಷೇಧದಲ್ಲಿದೆ. 'ಶಾಸ್ತ್ರ ಬಲ್ಲೆ' ಎಂಬುದರ ನಿಷೇಧ 'ಅರಿಯೆ'. 'ಈಜಬಲ್ಲೆ' ಎಂಬುದರದು 'ಈಜಲಾರೆ'. ವಿಧಿರೂಪ ಒಂದುಗೂಡಿಸಿದ್ದನ್ನು ನಿಷೇಧರೂಪ ಬೇರ್ಪಡಿಸುತ್ತದೆ. 'ಆರೆ' ಬಂದದ್ದು 'ಶಕ್ತನಾಗು' ಎಂಬರ್ಥದ 'ಆರ್' ಧಾತುವಿನಿಂದ. ಹಳಗನ್ನಡದ 'ಆರ್ಪು' ಎಂದರೆ ಶಕ್ತಿ. ಇಂಗ್ಲಿಷಿನಲ್ಲಿ ಹಿಂದೆ ಸರಿದ ಬಲಸೂಚಕ ಕ್ರಿಯಾಪದದಂಥದ್ದೇ ಒಂದು ಇಲ್ಲಿ ನಿಷೇಧದಲ್ಲಿ ಉಳಿದುಕೊಂಡಿದೆ.

ಎರಡನೆಯ ತೊಡಕು ದೊಡ್ಡದು. ತಮಿಳಿನ 'ವಾ' ಕನ್ನಡದಲ್ಲಿ 'ಬಾ' ಆಗಿರುವಂತೆ, ಅಲ್ಲಿನ 'ವಲ್' ಇಲ್ಲಿ 'ಬಲ್'. ತಮಿಳಿನಲ್ಲಿ 'ವಲ್' ಎಂದರೆ ಬಲ, ಗಟ್ಟಿತನ, ನೈಪುಣ್ಯ. 'ವಲ್ಲವನ್' ಎಂದರೆ ಸಮರ್ಥ. ಈ ಸಜಾತೀಯ ರೂಪಗಳನ್ನು ಒಪ್ಪಿದರೆ, 'ಬಲ್ಲ'ದ ಮೊದಲರ್ಥ ಬಲವೇ ಆಗಿದ್ದು, ಸಾಮರ್ಥ್ಯದ ಮೂಲಕ ಅರಿವಿಗೆ ಬಂದಿರುವ ಸಂಭವವೇ ಹೆಚ್ಚು. ಎಂದರೆ 'ಕ್ಯಾನ್' ನಡೆದ ದಾರಿಯಲ್ಲಿ ಎದುರುಮುಖವಾದ ನಡೆ. ಏಕಕಾಲಿಕವಾಗಿ ಕಾಣುವ ಅರ್ಥಸಾಮ್ಯ ಮಾತ್ರದಿಂದ ದಿಕ್ಕನ್ನು ನಿರ್ಣಯಿಸಲಾಗದು. 'ಬಲ್ಲ'ವನ್ನು ಆ ಪಥಕ್ಕೆ ಸಾಕ್ಷಿಯಾಗಿ ಕರೆಯುವ ಮುನ್ನ ಶಾಸನಗಳಲ್ಲಿ ಅದರ ಪ್ರಯೋಗಗಳನ್ನು ಕಾಲಕ್ರಮದಲ್ಲಿ ಜೋಡಿಸುವ ಕೆಲಸ ಆಗಬೇಕು.