ವಿದೇಶಿ ಹೂಡಿಕೆ ಬಂದ ಕ್ರಿಪ್ಟೋ ಕಂಪನಿಯಲ್ಲಿ ನಮ್ಮ ಹಣ ಸುರಕ್ಷಿತವೇ?

“ಅಮೆರಿಕದ ದೊಡ್ಡವರು ಕೋಟಿಗಟ್ಟಲೆ ಹಾಕಿದ್ದಾರೆ, ಈ ಕಂಪನಿ ಮುಳುಗುವ ಮಾತೇ ಇಲ್ಲ.” ಇಂಥ ಫಾರ್ವರ್ಡ್ ಬೆಂಗಳೂರಿನ ಗುಂಪಿಗೂ ಬರುತ್ತದೆ, ಬಾಗಲಕೋಟೆ, ಬಾದಾಮಿ, ಹುನಗುಂದದ ಗುಂಪಿಗೂ ಬರುತ್ತದೆ. ಇದು ಎಷ್ಟು ನಿಜ? ನೋಡೋಣ.

ದೊಡ್ಡವರು ಹಣ ಹಾಕುವುದು ಯಾಕೆ?

ವೆಂಚರ್ ಕ್ಯಾಪಿಟಲ್ ಸಂಸ್ಥೆಗಳು ಕಂಪನಿಯ ಪಾಲು ಕೊಳ್ಳುತ್ತವೆ. ಕೆಲವು ವರ್ಷಗಳ ನಂತರ ಅದನ್ನು ಹೆಚ್ಚಿನ ಬೆಲೆಗೆ ಮಾರಿ ಹೊರಬರುವುದೇ ಅವುಗಳ ಲೆಕ್ಕಾಚಾರ. ಇದಕ್ಕೆ ‘ಎಕ್ಸಿಟ್’ ಎನ್ನುತ್ತಾರೆ. ಇಳಕಲ್‌ನ ಸೀರೆ ಅಂಗಡಿಗೆ ಒಬ್ಬ ಪಾಲುದಾರ ಸೇರಿದ ಎಂದುಕೊಳ್ಳಿ. ಬೆಲೆ ಬಂದಾಗ ಅವನು ಪಾಲು ಮಾರಿ ಹೊರಡುತ್ತಾನೆ. ಸೀರೆಗೆ ಮುಂಗಡ ಕೊಟ್ಟ ಗಿರಾಕಿಯ ಹೊಣೆ ಅವನದಲ್ಲ. ಕ್ರಿಪ್ಟೋ ಆ್ಯಪ್‌ನಲ್ಲಿ ನಾವು ಆ ಗಿರಾಕಿಗಳು.

ಹೊರಬರುವ ದಾರಿಗಳು ಯಾವುವು?

1. ಷೇರುಪೇಟೆ: ಕಾಯಿನ್‌ಬೇಸ್ 2021ರ ಏಪ್ರಿಲ್ 14ರಂದು ನಾಸ್ಡಾಕ್‌ಗೆ ಬಂತು. ಹಳೆಯ ಷೇರುದಾರರಿಗೆ ಮಾರುವ ಅವಕಾಶ ಸಿಕ್ಕಿತು.

2. ಕಂಪನಿ ಮಾರಾಟ: ವಜೀರ್‌ಎಕ್ಸ್ ಕೊಂಡಿದ್ದೇವೆ ಎಂದು ಬೈನಾನ್ಸ್ 2019ರ ನವೆಂಬರ್‌ನಲ್ಲಿ ಪ್ರಕಟಿಸಿತ್ತು. 2022ರ ಆಗಸ್ಟ್‌ನಲ್ಲಿ, ಆ ವ್ಯವಹಾರ ಪೂರ್ಣಗೊಂಡೇ ಇಲ್ಲ ಎಂದಿತು. 2024ರ ಜುಲೈನಲ್ಲಿ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೋ ಕಳುವಾಯಿತು.

3. ಟೋಕನ್: ಹೂಡಿಕೆದಾರರಿಗೆ ಮೊದಲೇ ಅಗ್ಗದಲ್ಲಿ ಟೋಕನ್ ಸಿಕ್ಕಿರುತ್ತದೆ. ನಿಗದಿತ ಅವಧಿ ಮುಗಿದ ಮೇಲೆ ಅವರು ಮಾರುತ್ತಾರೆ. ಆಗ ಬೆಲೆ ಕುಸಿದರೆ ನಷ್ಟ ತಡವಾಗಿ ಕೊಂಡವರಿಗೆ.

4. ಬಾಗಿಲು ಮುಚ್ಚುವುದು: ಕಾಯಿನೆಕ್ಸ್ 2019ರ ಜೂನ್‌ನಲ್ಲಿ ಹೀಗೇ ಮಾಡಿತು.

ಬೆಂಗಳೂರಿನ ನಂಟಿರುವ ಒಂದು ಪ್ರಕರಣ

ವಾಲ್ಡ್ ಸಿಂಗಾಪುರದ ಕಂಪನಿ, ಅದರ ಬಹುಪಾಲು ಸಿಬ್ಬಂದಿ ಬೆಂಗಳೂರಿನಲ್ಲಿದ್ದರು. ಕ್ರಿಪ್ಟೋ ಇಟ್ಟರೆ ಬಡ್ಡಿ ಕೊಡುತ್ತಿತ್ತು. 2021ರ ಜುಲೈನಲ್ಲಿ ವೇಲಾರ್ ವೆಂಚರ್ಸ್ ಮುಂದಾಳತ್ವದಲ್ಲಿ 2.5 ಕೋಟಿ ಡಾಲರ್ ಹೂಡಿಕೆ ಬಂತು. ಒಂದೇ ವರ್ಷದಲ್ಲಿ, 2022ರ ಜುಲೈ 4ರಂದು, ಗ್ರಾಹಕರು ಹಣ ಹಿಂಪಡೆಯುವುದನ್ನು ಕಂಪನಿ ನಿಲ್ಲಿಸಿತು. ನೆಕ್ಸೊ ಕಂಪನಿ ಕೊಳ್ಳುವ ಮಾತುಕತೆಯೂ ಮುರಿದುಬಿತ್ತು. ದೊಡ್ಡ ಹೆಸರುಗಳು ಇದ್ದರೂ ಗ್ರಾಹಕರು ಕಾಯಬೇಕಾಯಿತು.

ಹಣ ಹಾಕುವ ಮುನ್ನ ಗಮನಿಸಿ

• ಬ್ಯಾಂಕ್ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಕ್ರಿಪ್ಟೋಗೆ ಅದು ಅನ್ವಯಿಸುವುದಿಲ್ಲ.

• 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ ಶೇ 30 ತೆರಿಗೆ ಇದೆ. ತೆರಿಗೆ ಇದೆ ಎಂದ ಮಾತ್ರಕ್ಕೆ ಸರ್ಕಾರದ ಗ್ಯಾರಂಟಿ ಇದೆ ಎಂದಲ್ಲ.

• ನಮ್ಮ ಕ್ರಿಪ್ಟೋವನ್ನು ಕಂಪನಿ ಬೇರೆಯವರಿಗೆ ಸಾಲ ಕೊಡುತ್ತದೆಯೇ? ಹಿಂಪಡೆಯುವುದನ್ನು ನಿಲ್ಲಿಸುವ ಹಕ್ಕು ಅದಕ್ಕಿದೆಯೇ? ಷರತ್ತುಗಳಲ್ಲಿ ಇವೆರಡನ್ನು ಹುಡುಕಿ ಓದಿ.

• ವಂಚನೆ ಎನಿಸಿದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: ಈ ಹೇಳಿಕೆ ದಾರಿ ತಪ್ಪಿಸುವಂಥದ್ದು. ಹೂಡಿಕೆ ಬಂದಿದ್ದು ನಿಜವಿರಬಹುದು, ಆದರೆ ಅದು ನಮ್ಮ ಹಣಕ್ಕೆ ಭದ್ರತೆಯಲ್ಲ. ಫಾರ್ವರ್ಡ್ ಮಾಡುವ ಮುನ್ನ ಒಮ್ಮೆ ಯೋಚಿಸಿ.