ಔಷಧದ ಪರೀಕ್ಷೆಯೂ ನಮ್ಮ ತಾಯಂದಿರೂ

ಹಳೆಯ ಕನ್ನಡದ ವೈದ್ಯಗ್ರಂಥಗಳನ್ನು ತರಗತಿಯಲ್ಲಿ ಪ್ರಸ್ತಾಪಿಸುವಾಗಲೆಲ್ಲ ಒಂದು ಸಂಗತಿ ನನ್ನ ಮನಸ್ಸನ್ನು ಕೊರೆಯುತ್ತಿತ್ತು. ಚಾಲುಕ್ಯ ರಾಜವಂಶದ ಕೀರ್ತಿವರ್ಮನು ದನಕರುಗಳ ಚಿಕಿತ್ಸೆಗಾಗಿ ‘ಗೋವೈದ್ಯ’ವನ್ನು ಬರೆದನು. ಮಂಗರಾಜನು ವಿಷಚಿಕಿತ್ಸೆಗೆ ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದನು. ಕೂಸುಗಳ ಬೇನೆಗಳಿಗೆ ದೇವೇಂದ್ರಮುನಿಯ ‘ಬಾಲಗ್ರಹಚಿಕಿತ್ಸೆ’ ಇದೆ. ಆದರೆ ಆ ಕೂಸನ್ನು ಭೂಮಿಗೆ ಇಳಿಸಿಕೊಳ್ಳುತ್ತಿದ್ದ ಸೂಲಗಿತ್ತಿಯ ಅರಿವು ಗ್ರಂಥಕ್ಕೆ ಬಂದದ್ದು ತೀರ ಸ್ವಲ್ಪ. ಅದು ಕೈಯಿಂದ ಕೈಗೆ ಇಳಿದು ಬಂದ ವಿದ್ಯೆ. ಬರೆಯುವವರು ಗಂಡಸರು, ಬಲ್ಲವರು ಹೆಂಗಸರು. ಹೆಣ್ಣಿನ ದೇಹದ ವಿಷಯದಲ್ಲಿ ಬರೆದಿಟ್ಟ ಜ್ಞಾನ ಕಡಿಮೆಯಾಗುವ ಈ ರೂಢಿ ಆಧುನಿಕ ಔಷಧಶಾಸ್ತ್ರವನ್ನೂ ಬಿಡಲಿಲ್ಲ. ಅಲ್ಲಿ ಹೆಣ್ಣಿಗೆ ಆದ ಅನ್ಯಾಯ ಎರಡು ಬಗೆಯದು. ಕೆಲವೊಮ್ಮೆ ಅವಳನ್ನು ಪರೀಕ್ಷೆಯಿಂದ ಹೊರಗಿಟ್ಟರು. ಕೆಲವೊಮ್ಮೆ ಅವಳನ್ನು ಕೇಳದೆಯೇ ಒಳಗೆ ಸೇರಿಸಿದರು.

ಎರಡನೆಯದೇ ಹಳೆಯದು. ಸಿಡುಬಿಗೆ ಜೆನ್ನರನು ಕಂಡುಹಿಡಿದ ಲಸಿಕೆ ಬಾಗ್ದಾದ್, ಬಸ್ರಾಗಳ ದಾರಿಯಾಗಿ ಮುಂಬಯಿಗೆ ಬಂದಾಗ, 1802ರ ಜೂನ್ 14ರಂದು ಭಾರತದಲ್ಲಿ ಮೊದಲು ಅದನ್ನು ತನ್ನ ತೋಳಿನಲ್ಲಿ ಹೊತ್ತವಳು ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗು. ಆಕೆಯ ತೋಳಿನ ಗುಳ್ಳೆಯ ಕೀವಿನಿಂದ ಇನ್ನು ಐದು ಮಕ್ಕಳಿಗೆ ಲಸಿಕೆ ಹಾಕಿದರು. ತೋಳಿನಿಂದ ತೋಳಿಗೆ ದಾಟುತ್ತ ಅದು ದೇಶದ ಉದ್ದಗಲಕ್ಕೆ ಹರಡಿತು. ನಮ್ಮ ಕಡೆ ‘ದೇವಿ ಹಾಕಿಸುವುದು’ ಎಂದು ಕರೆಯುತ್ತಿದ್ದ ಆ ಕ್ರಿಯೆಯ ಆದಿಯಲ್ಲಿ ಇರುವುದು ಈ ಮಗು. ಆಕೆ ಬಹಳ ಶಾಂತ ಸ್ವಭಾವದವಳು ಎಂದು ಅಂದಿನ ವೈದ್ಯರು ಬರೆದಿಟ್ಟಿದ್ದಾರೆ.

ಮೂರು ವರ್ಷಗಳ ಬಳಿಕ ಮೈಸೂರಿನ ಅರಮನೆಯಲ್ಲಿ ಇನ್ನೊಬ್ಬಳು ಕಾಣಿಸಿಕೊಳ್ಳುತ್ತಾಳೆ. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದನೆನ್ನಲಾದ ಒಂದು ತೈಲಚಿತ್ರದಲ್ಲಿ ಮೂವರು ರಾಜಸ್ತ್ರೀಯರಿದ್ದಾರೆ. ಬಲಗಡೆಯ ಎಳೆಯ ರಾಣಿ ಸೆರಗನ್ನು ತುಸು ಸರಿಸಿ ತೋಳನ್ನು ತೋರುತ್ತಾಳೆ. ಈಕೆ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮದುವೆಯಾಗಲು ಬಂದ ದೇವಾಜಮ್ಮಣ್ಣಿ. ತೋರುತ್ತಿರುವುದು ಲಸಿಕೆ ಹಾಕಿದ ಜಾಗ. ಹೀಗೆಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಗುರುತಿಸಿದ್ದಾರೆ. ಹುಡುಗಿಗೆ ಆಗ ಹನ್ನೆರಡರ ಆಸುಪಾಸು. ರಾಣಿಯೇ ಹಾಕಿಸಿಕೊಂಡಳೆಂದರೆ ಪ್ರಜೆಗಳ ಅಂಜಿಕೆ ಕಳೆದೀತು ಎಂಬುದು ಕಂಪನಿಯವರ ಲೆಕ್ಕಾಚಾರ. ಲೆಕ್ಕ ತಪ್ಪಲಿಲ್ಲವೆನ್ನಿ, ಸಾವಿರಾರು ಜೀವ ಉಳಿದದ್ದು ಸುಳ್ಳಲ್ಲ. ಆದರೆ ಆ ಹುಡುಗಿಯನ್ನಾಗಲಿ ಮುಂಬಯಿಯ ಆ ಮಗುವನ್ನಾಗಲಿ ಯಾರೂ ಕೇಳಿರಲಾರರು. ಕೇಳಬೇಕೆಂಬ ಕಲ್ಪನೆಯೇ ಆಗ ಹುಟ್ಟಿರಲಿಲ್ಲ.

ಬಿಜಾಪುರ ಜಿಲ್ಲೆ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಕಾಲಕ್ಕೆ ಬರೋಣ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದಳು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿಯರು ರಕ್ತಹೀನತೆಯಿಂದ ಸಾಯುತ್ತಿದ್ದರು. ಅವರೇನು ಉಣ್ಣುತ್ತಾರೆ, ಏನು ಉಣ್ಣುವುದಿಲ್ಲ ಎಂಬುದನ್ನು ಆಕೆ ವಿಚಾರಿಸಿ, ಯೀಸ್ಟಿನ ಸಾರ ಕೊಟ್ಟರೆ ರೋಗ ಇಳಿಯುವುದೆಂದು 1931ರಲ್ಲಿ ಪ್ರಕಟಿಸಿದಳು. ಆ ಸಾರದ ಗುಣವಸ್ತುವೇ ಮುಂದೆ ಫೋಲಿಕ್ ಆಮ್ಲವೆಂದು ತಿಳಿಯಿತು. ಇಂದು ಜೈನಾಪುರದಂಥ ಹಳ್ಳಿಯ ಬಸುರಿಗೂ ಸರಕಾರ ಪುಕ್ಕಟೆಯಾಗಿ ಕೊಡುವ ಕಬ್ಬಿಣದ ಗುಳಿಗೆಯಲ್ಲಿ ಅದು ಸೇರಿದೆ. ಬಸುರಿಯನ್ನು ಬಿಟ್ಟು ನಡೆಸಿದ್ದರೆ ಈ ಶೋಧ ಆಗುತ್ತಲೇ ಇರಲಿಲ್ಲ.

ಬಿಟ್ಟು ನಡೆಸುವ ಕಾಲವೂ ಬಂದಿತು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಗುಳಿಗೆಯನ್ನು ಬಸುರಿನ ಮೊದಲ ವಾರಗಳಲ್ಲಿ ನುಂಗಿದ ತಾಯಂದಿರಿಗೆ ಕೈಕಾಲು ಬೆಳೆಯದ ಮಕ್ಕಳು ಹುಟ್ಟಿದವು. ಅಂಥ ಮಕ್ಕಳು ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು. ಅಂಜಿಕೆ ಸಹಜವಾದುದೇ. ಅಮೆರಿಕೆಯ ಔಷಧ ಇಲಾಖೆ 1977ರಲ್ಲಿ, ಹೆರುವ ವಯಸ್ಸಿನ ಹೆಂಗಸರನ್ನು ಹೊಸ ಔಷಧಗಳ ಮೊದಲ ಹಂತದ ಪರೀಕ್ಷೆಗಳಿಂದ ದೂರವಿಡಬೇಕೆಂದು ಸೂಚಿಸಿತು. 1993ರಲ್ಲಿ ಆ ಸೂಚನೆಯನ್ನು ಹಿಂತೆಗೆದುಕೊಂಡಿತು. ನಡುವಿನ ವರ್ಷಗಳಲ್ಲಿ ಗಂಡಸಿನ ಮೈಯಲ್ಲಿ ಅಳೆದ ಪ್ರಮಾಣವನ್ನೇ ಹೆಂಗಸಿಗೂ ಕೊಡುವ ರೂಢಿ ಬೇರೂರಿತ್ತು. ಗಂಡಸಿನ ಅಂಗಿಯ ಅಳತೆಗೆ ಕುಪ್ಪಸ ಹೊಲಿದಂತೆ!

ಈಗ ನಮ್ಮ ನೆರೆಯ ಬೆಳಗಾವಿಯ ವಿಚಾರ. ನಾನು ಚಿಕ್ಕವನಿದ್ದಾಗ ನಮ್ಮ ಹಳ್ಳಿಗಳಲ್ಲಿ ಹೆರಿಗೆಯೆಂದರೆ ಒಳಮನೆಯ ಸಂಗತಿ. ಕೂಸು ಹುಟ್ಟಿದ ಮೇಲೆ ತಾಯಿಗೆ ನೆತ್ತರು ನಿಲ್ಲದಿದ್ದರೆ ಹಿರಿಯರು ದೇವರ ಕಡೆ ನೋಡುತ್ತಿದ್ದರು. ಅದನ್ನು ತಡೆಯುವ ಆಕ್ಸಿಟೋಸಿನ್ ಎಂಬ ಇಂಜೆಕ್ಷನ್ ಇತ್ತು, ನಿಜ. ಆದರೆ ಅದನ್ನು ತಂಪಿನಲ್ಲಿ ಇಡಬೇಕು, ಸೂಜಿ ಚುಚ್ಚಲು ಕಲಿತ ಕೈ ಬೇಕು. ಮಿಸೊಪ್ರೊಸ್ಟಾಲ್ ಎಂಬ ಗುಳಿಗೆ ನುಂಗಿಸಿದರೆ ಸಾಲದೇ ಎಂಬ ಪ್ರಶ್ನೆಯನ್ನು ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಡಾ. ಕೊಡಕಣಿ, ಡಾ. ಗೌಡರ ಮೊದಲಾದವರು ಅಮೆರಿಕದ ಡಾ. ರಿಚರ್ಡ್ ಡರ್ಮನ್ ಅವರೊಡನೆ ಎತ್ತಿಕೊಂಡರು. 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳ 1620 ತಾಯಂದಿರು ಈ ಪರೀಕ್ಷೆಯಲ್ಲಿ ಭಾಗಿಗಳಾದರು. 812 ಮಂದಿಗೆ ಔಷಧ, 808 ಮಂದಿಗೆ ಔಷಧವಿಲ್ಲದ ತೋರಿಕೆಯ ಗುಳಿಗೆ. ಹೆರಿಗೆ ಮಾಡಿಸಿದವರೂ, ಗುಳಿಗೆ ಕೊಟ್ಟವರೂ, ನೆತ್ತರನ್ನು ಅಳೆದವರೂ ನಮ್ಮ ಜನ ‘ನರ್ಸಬಾಯಿ’ ಎಂದು ಕರೆಯುವ 25 ಮಂದಿ ಸಹಾಯಕಿಯರು. ತಾಯಿಯ ಕೆಳಗೆ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆ ಹಾಸಿ, ಹರಿದ ನೆತ್ತರನ್ನು ಮಿಲಿಲೀಟರಿನ ಲೆಕ್ಕದಲ್ಲಿ ಬರೆದುಕೊಂಡರು. ನಮ್ಮ ಅಜ್ಜಿಯರು ‘ಬಹಳ ಹೋಯಿತು’ ಎಂದಷ್ಟೇ ಹೇಳುತ್ತಿದ್ದುದಕ್ಕೆ ಮೊದಲ ಬಾರಿಗೆ ಹಳ್ಳಿಯ ಮನೆಯಲ್ಲಿ ಅಂಕಿ ಬಂದಿತು. ತೋರಿಕೆಯ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 12 ಮಂದಿಗೆ ಅತಿಸ್ರಾವವಾದರೆ, ಔಷಧ ಪಡೆದವರಲ್ಲಿ 6.4 ಮಂದಿಗೆ ಮಾತ್ರ. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ಅತಿಸ್ರಾವ ತಡೆಯಲು ಈ ಗುಳಿಗೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಆ 808 ಮಂದಿಯ ಪಾಡೇನು ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ ಅದು. ಅಂದು ಮನೆಯ ಹೆರಿಗೆಯಲ್ಲಿ ಯಾರಿಗೂ ಯಾವ ಔಷಧವೂ ಸಿಗುತ್ತಿರಲಿಲ್ಲ, ಮೇಲಾಗಿ ನರ್ಸಬಾಯಿ ಪಕ್ಕದಲ್ಲೇ ಇದ್ದಳು ಎಂಬ ಉತ್ತರವನ್ನು ನಾನು ಒಪ್ಪುತ್ತೇನೆ. ಆದರೆ ನಮ್ಮವರು ತುಳಜಾಭವಾನಿಯ ದರ್ಶನಕ್ಕೆ ಹೋಗುವ ಉಸ್ಮಾನಾಬಾದ್ ಜಿಲ್ಲೆಯಲ್ಲಿ 1999ರಲ್ಲಿ ಆರಂಭವಾದ ಇನ್ನೊಂದು ಅಧ್ಯಯನದ ವಿಷಯದಲ್ಲಿ ನನ್ನ ಮನಸ್ಸು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಅಲ್ಲಿ 1,31,746 ಹೆಂಗಸರನ್ನು ನಾಲ್ಕು ಗುಂಪು ಮಾಡಿ, ಮೂರು ಗುಂಪಿನವರಿಗೆ ಗರ್ಭಕೊರಳಿನ ಕ್ಯಾನ್ಸರಿನ ತಪಾಸಣೆ ನಡೆಸಿದರು. ನಾಲ್ಕನೆಯ ಗುಂಪಿಗೆ ತಪಾಸಣೆ ಇರಲಿಲ್ಲ. ವೈರಸ್ ಪರೀಕ್ಷೆ ನಡೆದ ಗುಂಪಿನಲ್ಲಿ ಆ ರೋಗದಿಂದ ಸತ್ತವರು 34, ತಪಾಸಣೆಯಿಲ್ಲದ ಗುಂಪಿನಲ್ಲಿ 64. ತಪಾಸಣೆ ಜೀವ ಉಳಿಸುವುದೆಂದು ಬೇರೆ ದೇಶಗಳ ಅನುಭವ ಮೊದಲೇ ಹೇಳಿತ್ತಲ್ಲವೇ ಎಂಬ ವಾದ ಇಂದಿಗೂ ಮುಗಿದಿಲ್ಲ.

ಇಂಥ ವಾದಗಳ ನಡುವೆಯೇ ನಿಯಮಗಳು ಬಿಗಿಯಾದವು. ಓದು ಬಾರದವಳ ಒಪ್ಪಿಗೆ ಪಡೆಯುವಾಗ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬರು ಉದ್ದಕ್ಕೂ ಹಾಜರಿರಬೇಕೆಂದು 2019ರ ನಿಯಮಗಳು ಹೇಳುತ್ತವೆ. ಗಂಡನೋ ಅತ್ತೆಯೋ ‘ಹಾಕವ್ವ ಹೆಬ್ಬೆಟ್ಟು’ ಎಂದರೆ ಹಾಕುವ ಮನೆಗಳು ನಮ್ಮಲ್ಲಿ ಇನ್ನೂ ಇವೆಯಾದ್ದರಿಂದ, ಆ ಸಾಕ್ಷಿ ಯಾರೆಂಬುದು ಸಣ್ಣ ಮಾತಲ್ಲ.

ಬೆಳಗಾವಿಯ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ಅವಧಿಗೆ ಮುನ್ನ ಹೆರಿಗೆಯಾಗುವುದನ್ನು ಅಲ್ಪ ಪ್ರಮಾಣದ ಆಸ್ಪಿರಿನ್ ತಡೆಯಬಲ್ಲುದೇ ಎಂದು ಆರು ದೇಶಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 11,976 ಚೊಚ್ಚಲ ಬಸುರಿಯರಿದ್ದರು. ಬೆಳಗಾವಿಯ ಹಳ್ಳಿಯವರೂ ಅವರಲ್ಲಿ ಸೇರಿದ್ದರು. ಅವಧಿಪೂರ್ವ ಹೆರಿಗೆ ನೂರಕ್ಕೆ 13.1ರಿಂದ 11.6ಕ್ಕೆ ಇಳಿಯಿತು. ಅವರು ಗುಳಿಗೆ ನುಂಗಲು ತೊಡಗಿದ್ದು ಬಸುರಿನ ಆರನೆಯ ವಾರದಿಂದ ಹದಿಮೂರನೆಯ ವಾರದೊಳಗೆ. ಥಾಲಿಡೊಮೈಡಿನ ನಂತರ ವೈದ್ಯಲೋಕ ಮುಟ್ಟಲು ಅಂಜಿದ ವಾರಗಳೇ ಅವು.